ಕೊರಿಯಾ ಸೀರಿಯಲ್ಲೂ ಕೊಪ್ಪದ ಗಂಡನೂ

ಬಾಯಿ ಮುಚ್ಚಿಕೊಂಡಿದ್ದ ದಿನ ನನಗೆ ಏನೂ ಆಗುವುದಿಲ್ಲ. ಬಾಯಿ ಬಿಟ್ಟೆನೋ, ಸಂಜೆಯೊಳಗೆ ಒಂದು ಪ್ರಸಂಗ ಆಗಿಯೇ ತೀರುತ್ತದೆ. ಕೊಪ್ಪದಲ್ಲಿ ಝೆರಾಕ್ಸ್ ಅಂಗಡಿ ಇಟ್ಟುಕೊಂಡವನು ನಾನು. ಆನ್‌ಲೈನ್ ಅರ್ಜಿಯನ್ನೂ ತುಂಬಿಕೊಡುತ್ತೇನೆ. ಇಡೀ ದಿನ ಎದುರಿಗೆ ಜನ ನಿಂತಿರುತ್ತಾರೆ, ಕಂಪ್ಯೂಟರಿನಲ್ಲಿ ಚಕ್ರ ತಿರುಗುತ್ತಾ ಇರುತ್ತದೆ. ಇಂಥ ಕಡೆ ಮಾತಾಡದೆ ಕೂತಿರು ಅಂದರೆ ಹೇಗೆ? ಈಚಿನ ಪ್ರಸಂಗಗಳಿಗೆ ಮಾತ್ರ ಮೂಲ ಒಂದೇ, ಕೊರಿಯಾ ದೇಶ. ನಾನೇನೂ ಅಲ್ಲಿಗೆ ಹೋಗಿಲ್ಲ ಮಾರಾಯ್ರೆ. ಅದೇ ನಮ್ಮ ಟಿವಿಯೊಳಗೆ ಬಂದು ಕೂತಿದೆ.

೧. ಓದಿ ಹೇಳುವ ಕೆಲಸ

ಮಂಗಳೂರಲ್ಲಿ ನರ್ಸಿಂಗ್ ಓದುವ ಮಗಳು ರಜೆಗೆ ಬಂದವಳು ಟಿವಿಗೆ ಕೊರಿಯಾ ಸೀರಿಯಲ್ ಹಾಕಿಕೊಟ್ಟು, ಅಮ್ಮನಿಗೆ ಹುಚ್ಚು ಹಿಡಿಸಿ, ತಾನು ವಾಪಸು ಹೋದಳು. ಅವರು ಮಾತಾಡುವುದು ಕೊರಿಯಾ ಭಾಷೆ, ಕೆಳಗೆ ಬರುವುದು ಇಂಗ್ಲಿಷ್ ಅಕ್ಷರ. ನಮ್ಮನೆಯವಳ ಇಂಗ್ಲಿಷ್ ಅಷ್ಟಕ್ಕಷ್ಟೆ.

"ನೀವು ದಿನಾ ಇಂಗ್ಲಿಷಲ್ಲಿ ಅರ್ಜಿ ತುಂಬೋರಲ್ವಾ? ಓದಿ ಹೇಳಿ" ಅಂದಳು.

ಹೆಮ್ಮೆಯಿಂದ ಕುರ್ಚಿ ಎಳೆದುಕೊಂಡು ಕೂತೆ. ಅರ್ಜಿಯ ಇಂಗ್ಲಿಷ್ ಒಂದೇ ಕಡೆ ನಿಂತಿರುತ್ತದೆ, ಇದು ಓಡುತ್ತದೆ ಅಂತ ಕೂತ ಮೇಲೆ ಗೊತ್ತಾಯಿತು. ನಾನು ಒಂದು ಸಾಲಿನ ಅರ್ಥ ಹೊಂದಿಸುವಷ್ಟರಲ್ಲಿ ಮೂರು ಸಾಲು ಬಂದು ಹೋಗಿರುತ್ತಿದ್ದವು. ಹಾಗಂತ ಒಪ್ಪಿಕೊಂಡರೆ ಮರ್ಯಾದೆ ಏನಾಗಬೇಕು? ಬಾಯಿಗೆ ಬಂದದ್ದು ಹೇಳುತ್ತಾ ಹೋದೆ.

ಒಂದು ದಿನ ಹುಡುಗಿಯೊಬ್ಬಳು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಐದು ನಿಮಿಷ ಅತ್ತಳು.

"ಎಂತಂತೆ?"

"ಹೊಟ್ಟೆನೋವಂತೆ. ಡಾಕ್ಟ್ರು ಇನ್ನೂ ಬಂದಿಲ್ವಂತೆ."

ನಮ್ಮನೆಯವಳು ಟಿವಿ ಬಿಟ್ಟು ನನ್ನನ್ನೇ ನೋಡಿದಳು. "ಅವಳಮ್ಮ ತೀರ್ಕೊಂಡಿದಾಳೆ. ನಿನ್ನೆ ಕಪ್ಪು ಬಟ್ಟೆ ಹಾಕ್ಕೊಂಡು ಎಲ್ಲರೂ ಬಂದು ಊಟ ಮಾಡ್ಕೊಂಡು ಹೋದ್ರಲ್ಲ, ನೀವು ಅದನ್ನ ಮದುವೆ ಅಂತ ಹೇಳಿದ್ರಿ."

೨. ಅಷ್ಟೇನಾ?

ಹೀಗೆ ಬೈಸಿಕೊಳ್ಳುತ್ತಲೇ ನನಗೂ ಹುಚ್ಚು ಹತ್ತಿತು. ಆ ದೇಶದಲ್ಲೂ ಚಪ್ಪಲಿ ಬಾಗಿಲಲ್ಲೇ ಬಿಡುತ್ತಾರೆ. ಹಿರಿಯರು ತುತ್ತೆತ್ತುವ ತನಕ ಕಿರಿಯರು ಬಟ್ಟಲು ಮುಟ್ಟುವುದಿಲ್ಲ. ಸೊಸೆ ಅತ್ತೆಗೆ ಹೆದರುತ್ತಾಳೆ, ಅತ್ತೆ ನೆರೆಮನೆಯವಳ ಬಾಯಿಗೆ ಹೆದರುತ್ತಾಳೆ. "ಎಲ್ಲಾ ನಮ್ಮ ಥರವೇ ಮಾರಾಯ್ತಿ, ಎಲೆ ಅಡಿಕೆ ಒಂದು ಹಾಕೋಲ್ಲ" ಅಂದೆ.

ಅಲ್ಲೂ ಗಂಡ ಹೆಂಡತಿಯ ಹೆಸರು ಹಿಡಿದು ಕರೆಯುವುದು ಕಡಿಮೆ. ಮಕ್ಕಳಾದ ಮೇಲಂತೂ 'ಇಂಥವನ ಅಮ್ಮಾ' ಅಂತಲೇ. ಆದರೆ ಒಂದು ಎಪಿಸೋಡಿನಲ್ಲಿ ತಲೆ ನರೆತ ಗಂಡನೊಬ್ಬ ಅಡುಗೆಮನೆ ಬಾಗಿಲಿಗೆ ಬಂದು ಹೆಂಡತಿಯನ್ನು ಹೆಸರಿನಿಂದ ಕರೆದ. ಅವಳು ಸೌಟು ಹಿಡಿದುಕೊಂಡೇ ಅಳಲು ಶುರುಮಾಡಿದಳು.

"ಎಂತ ಹೇಳ್ದ?"

"ಹೆಸರು ಕರೆದ. ಅಷ್ಟೇ." ಜೀವಮಾನದಲ್ಲಿ ಆ ಒಂದು ಸಾಲನ್ನು ಸರಿಯಾಗಿ ಓದಿದ್ದೆ.

ಅವಳು ರಿಮೋಟ್ ಒತ್ತಿ ಟಿವಿ ನಿಲ್ಲಿಸಿದಳು. "ಅಷ್ಟೇನಾ? ಮದುವೆಯಾಗಿ ಇಪ್ಪತ್ತೆಂಟು ವರ್ಷ ಆಯ್ತು. ನನ್ನ ಹೆಸರು ನಿಮ್ಮ ಬಾಯಲ್ಲಿ ಹೇಗೆ ಕೇಳಿಸ್ತದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ."

ತಮಾಷೆಗೆ ಹೇಳಿದ್ದಲ್ಲ. ನಾನು ಕರೆಯುವುದು 'ಏ', ಇಲ್ಲದಿದ್ದರೆ 'ಇಲ್ ಕೇಳು', ಖುಷಿಯಲ್ಲಿದ್ದರೆ 'ಮಾರಾಯ್ತಿ'. ನಮ್ಮಪ್ಪ ನಮ್ಮಮ್ಮನನ್ನು ಬರೀ ಕೆಮ್ಮಿಯೇ ಕರೆಯುತ್ತಿದ್ದರು. ಆ ಲೆಕ್ಕದಲ್ಲಿ ನಾನು ಸುಧಾರಣೆಯಾದವನು ಅಂದುಕೊಂಡಿದ್ದೆ.

"ಈಗೊಂದ್ಸಲ ಕರೀರಿ. ಯಾರೂ ಇಲ್ಲ" ಅಂದಳು.

ಬಾಯಿ ತೆರೆದೆ. ನಾಚಿಕೆ ಅನ್ನುವುದು ಐವತ್ತೈದನೇ ವಯಸ್ಸಿನಲ್ಲೂ ಇಷ್ಟೊಂದು ಉಳಿದಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ. "ಒಂಚೂರು ನೀರು ಕೊಡು" ಅಂದೆ.

ನೀರು ತಂದು ಠಕ್ಕಂತ ಇಟ್ಟಳು. "ಅಂಗಡೀಲಿ ಊರ ಹೆಂಗಸರ ಹೆಸರೆಲ್ಲ ಬಾಯ್ತುಂಬ ಕೂಗ್ತೀರಿ. ಮನೇಲಿರೋಳ ಹೆಸರಿಗೆ ಮಾತ್ರ ಸರ್ವರ್ ಡೌನು."

೩. ಊಟ ಆಯ್ತಾ?

ಆ ಹೆಸರೊಂದನ್ನು ಬಿಟ್ಟು ಬೇರೆ ಎಲ್ಲದರಲ್ಲೂ ಕೊರಿಯಾದ ಗಂಡನ ಹಾಗೆ ನಡೆದುಕೊಂಡರೆ ಇವಳಿಗೆ ಸಮಾಧಾನ ಆದೀತು ಅಂತ ಲೆಕ್ಕ ಹಾಕಿದೆ. ಅಭ್ಯಾಸವನ್ನು ಅಂಗಡಿಯಿಂದಲೇ ಶುರುಮಾಡಿದೆ.

ಅಲ್ಲಿ ಎದುರು ಸಿಕ್ಕವರನ್ನು "ಊಟ ಆಯ್ತಾ?" ಅಂತ ಕೇಳುತ್ತಾರೆ. ಉತ್ತರ ಬೇಕು ಅಂತಲ್ಲ, ಅದು ಅವರ ನಮಸ್ಕಾರ. ಎರಡು ಗಂಟೆಯ ಹೊತ್ತಿಗೆ ಕಿಗ್ಗದ ಕಡೆಯ ಅಜ್ಜಿಯೊಬ್ಬರು ಪಿಂಚಣಿ ಕಾಗದ ಹಿಡಿದುಕೊಂಡು ಬಂದರು.

"ಊಟ ಆಯ್ತಾ ಅಜ್ಜಿ?" ಅಂದೆ, ಕೊರಿಯಾದವರ ಹಾಗೆ ನಗುತ್ತಾ.

"ಎಲ್ಲಿ ಆಯ್ತು ಮಗಾ, ಬೆಳಿಗ್ಗೆ ಬಸ್ಸಿಗೆ ಹೊರಟವಳು" ಅಂತ ಅಜ್ಜಿ ಸ್ಟೂಲಿನ ಮೇಲೆ ಕೂತು ಕೈ ತೊಳೆಯಲು ನೀರು ಕೇಳಿದರು.

ನನ್ನ ಡಬ್ಬಿ ಪೂರ್ತಿ ಖಾಲಿಯಾಯಿತು. ಹೋಗುವಾಗ ಅಜ್ಜಿ, "ಸಾರಿಗೆ ಉಪ್ಪು ಒಂದು ಕಲ್ಲು ಕಮ್ಮಿ, ಹೆಂಡ್ತಿಗೆ ಹೇಳು" ಅಂದರು. ಬಾಯಿ ಮುಚ್ಚಿಕೊಂಡಿರಬಾರದೆ? ಮನೆಗೆ ಹೋಗಿ ಹೇಳಿದೆ.

"ಯಾವ ಅಜ್ಜಿಯಪ್ಪ ಅದು?"

ನಾನು ಅರ್ಜಿಯಲ್ಲಿ ತುಂಬಿದ್ದ ಹಾಗೇ ಅಜ್ಜಿಯ ಹೆಸರು, ಗಂಡನ ಹೆಸರು, ಊರು, ಅಂಚೆ ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವಳು ಡಬ್ಬಿ ತೊಳೆಯುತ್ತಾ, "ನೋಡಿ, ಅಜ್ಜಿ ಹೆಸರಾದ್ರೆ ಪಿನ್ ಕೋಡ್ ಸಮೇತ ಬರ್ತದೆ" ಅಂದಳು.

೪. ಮರ್ಯಾದೆ

ಕೊರಿಯಾದಲ್ಲಿ ಏನು ಕೊಟ್ಟರೂ ಎರಡೂ ಕೈಯಲ್ಲಿ ಕೊಡಬೇಕು, ಹಿರಿಯರಿಗಾದರೆ ಸೊಂಟ ಬಗ್ಗಿಸಬೇಕು. ಝೆರಾಕ್ಸ್ ಹಾಳೆಯನ್ನು ಹಾಗೇ ಕೊಡತೊಡಗಿದೆ. ಪಕ್ಕದ ಪಾತ್ರೆ ಅಂಗಡಿಯ ಸಾಹೇಬರು ಒಂದು ಬೆಳಿಗ್ಗೆ ನೋಡಿದರು, ಎರಡು ಬೆಳಿಗ್ಗೆ ನೋಡಿದರು.

"ಎಂತ ಮಾರಾಯ್ರೆ, ಸೊಂಟ ಹಿಡಿದಿದ್ಯಾ?"

"ಇಲ್ಲ ಸಾಹೇಬ್ರೆ, ಇದು ಮರ್ಯಾದೆ."

"ಅದೇ, ನಮ್ಮಣ್ಣನಿಗೂ ಹೀಗೇ ಶುರುವಾಗಿದ್ದು" ಅಂತ ಒಳಗೆ ಹೋಗಿ ಎಣ್ಣೆ ಬಾಟ್ಲಿ ತಂದುಕೊಟ್ಟರು. ಮಧ್ಯಾಹ್ನದೊಳಗೆ ಸಾಲಿನ ಅಂಗಡಿಗಳಿಗೆಲ್ಲ ಸುದ್ದಿ ಹೋಯಿತು. ಎನ್.ಆರ್. ಪುರದಿಂದ ಬಂದ ಗಿರಾಕಿಯೊಬ್ಬರು ಬಾಳೆಹೊನ್ನೂರಿನಲ್ಲಿ ಸೊಂಟ ಎಳೆಯುವವರ ವಿಳಾಸ ಬರೆದುಕೊಟ್ಟರು. ಎರಡೂ ಕೈಯಲ್ಲಿ, ಬಗ್ಗಿ ತೆಗೆದುಕೊಂಡೆ. ಆವಾಗಲೇ ನೋಡಿ, ಕಟಕ್ ಅಂತ ನಿಜವಾಗಿಯೂ ಹಿಡಿಯಿತು.

ಮನೆಯಲ್ಲಿ ಚಾಪೆಯ ಮೇಲೆ ಬೋರಲು ಮಲಗಿದೆ. ಸಾಹೇಬರ ಎಣ್ಣೆಯನ್ನೇ ಹಚ್ಚಿ ತಿಕ್ಕುತ್ತಾ ನಮ್ಮನೆಯವಳು, "ನನ್ನ ಹೆಸರು ಕರೀರಿ, ಮೆಲ್ಲಗೆ ತಿಕ್ತೀನಿ" ಅಂತ ನೋವಿದ್ದಲ್ಲೇ ಹೆಬ್ಬೆರಳು ಒತ್ತಿದಳು.

"ಅಮ್ಮಾ!" ಅಂತ ಕೂಗಿದೆ.

"ಅದಲ್ಲ" ಅಂತ ಇನ್ನೂ ಒಂದು ಸಲ ಒತ್ತಿದಳು.

೫. ಪಾಚಿ ಸಾರು

ಹುಟ್ಟಿದ ದಿನ ಬೆಳಿಗ್ಗೆ ಅಲ್ಲಿಯವರು ಕಡಲ ಪಾಚಿಯ ಸಾರು ಕುಡಿಯುತ್ತಾರೆ. ಬಾಣಂತಿಗೆ ಕೊಡುವ ಸಾರಂತೆ ಅದು. ಹೆತ್ತವಳನ್ನು ನೆನೆಸಿಕೊಂಡು ಕುಡಿಯುವುದಂತೆ. ಗಂಡನೇ ಬೇಗ ಎದ್ದು ಮಾಡಿಕೊಟ್ಟರೆ ಹೆಂಡತಿ ಏನು ಬೇಕಾದರೂ ಕ್ಷಮಿಸುತ್ತಾಳೆ, ಅದನ್ನು ನಾನೇ ಮೂರು ಸೀರಿಯಲ್ಲಿನಲ್ಲಿ ನೋಡಿದ್ದೇನೆ.

ಕೊಪ್ಪದಲ್ಲಿ ಕಡಲೆಲ್ಲಿಂದ ತರೋಣ? ಬಸಳೆ ತಂದೆ. ಅದೂ ಹಸಿರು, ಅದೂ ಲೋಳೆ. ಆಧಾರ್ ಕಾರ್ಡು ತೆಗೆದು ಅವಳ ತಾರೀಕು ನೋಡಿಕೊಂಡೆ, ಜೂನ್ ಒಂದು. ಆ ಬೆಳಿಗ್ಗೆ ಅವಳಿಗಿಂತ ಮೊದಲೇ ಎದ್ದು ಸಾರು ಕುದಿಸಿ, ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ಬಗ್ಗಲಿಲ್ಲ.

"ಎಂತಕ್ಕಿದು?"

"ಇವತ್ತು ನಿನ್ನ ಹುಟ್ಟಿದ ದಿನ."

"ಯಾರು ಹೇಳಿದ್ದು?"

"ಆಧಾರ್."

ಅವಳು ಸಾರು ಕುಡಿದಳು, ಪಾಪ, ಪೂರ್ತಿ ಕುಡಿದಳು. ಆಮೇಲೆ ಹೇಳಿದಳು: "ಅದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರ್ಕೊಂಡ ತಾರೀಕು. ನಾನು ಹುಟ್ಟಿದ್ದು ದೀಪಾವಳಿ ಕಳೆದ ಮೇಲೆ. ಅಂಗಡಿಗೆ ಬರೋ ಅರ್ಧ ಊರು ಜೂನ್ ಒಂದಕ್ಕೇ ಹುಟ್ಟಿದ್ದು ನೋಡಿ ನಿಮಗೆ ಒಂದು ದಿನವೂ ಅನುಮಾನ ಬರಲಿಲ್ವಾ?"

ಬಂದಿರಲಿಲ್ಲ. ನಾನೂ ಜೂನ್ ಒಂದಕ್ಕೇ ಹುಟ್ಟಿದವನು.

೬. ಫೋನು

ನನ್ನ ಫೋನಿನಲ್ಲಿ ಅವಳ ನಂಬರು 'ಮನೆ' ಅಂತ ಇತ್ತು. ಬಾಯಲ್ಲಿ ಬರದಿದ್ದರೆ ಬೆರಳಲ್ಲಾದರೂ ಬರಲಿ ಅಂತ ಅದನ್ನು ಅಳಿಸಿ ಹೆಸರು ಹಾಕಿದೆ. ಹಾಕುವಾಗಲೂ ಅಕ್ಕಪಕ್ಕ ಯಾರಾದರೂ ನೋಡುತ್ತಿದ್ದಾರಾ ಅಂತ ನೋಡಿಕೊಂಡೆ. ಸಂಜೆ ತೋರಿಸಿ ಭೇಷ್ ಅನ್ನಿಸಿಕೊಳ್ಳುವ ಅಂದಾಜು.

ಮಧ್ಯಾಹ್ನ ಅಂಗಡಿ ತುಂಬ ಜನ ಇದ್ದಾಗ ಫೋನು ಬಂತು. ಹೆಸರು ನೋಡಿದೆ. ನಮ್ಮ ಸೀಮೆಯಲ್ಲಿ ಮನೆಗೊಬ್ಬರಿಗೆ ಇರುವ ಹೆಸರು, ವಾರದಲ್ಲಿ ನಾಲ್ಕು ಜನ ಅದೇ ಹೆಸರಿನವರು ರೇಷನ್ ಕಾರ್ಡ್ ತಿದ್ದುಪಡಿಗೆ ಬರುತ್ತಾರೆ. ನಂಬರು ಇಟ್ಟುಕೊಂಡ ಅವರಲ್ಲೇ ಯಾರೋ ಅಂದುಕೊಂಡು ಫೋನೆತ್ತಿ, "ಸರ್ವರ್ ಇಲ್ಲಮ್ಮಾ, ನಾಳೆ ಗಂಡನ್ನ ಕರ್ಕೊಂಡು ಬನ್ನಿ" ಅಂತ ಹೇಳಿ ಇಟ್ಟೆ.

ಹತ್ತು ನಿಮಿಷ ಬಿಟ್ಟು ಮತ್ತೆ ಬಂತು. "ಆಧಾರ್ ಒರಿಜಿನಲ್ಲೂ ತರಬೇಕಾ?" ಅಂತ ಆ ಕಡೆಯಿಂದ ತಣ್ಣಗೆ ಕೇಳಿತು.

"ಹೌದಮ್ಮಾ, ಗಂಡನದ್ದೂ ತನ್ನಿ."

"ಗಂಡನದ್ದು ಅಲ್ಲೇ ಗಲ್ಲಾಪೆಟ್ಟಿಗೆ ಮುಂದೆ ಕೂತಿದೆ. ಬರುವಾಗ ಹಾಲು ತಗೊಂಡು ಬರೋಕೆ ಹೇಳಿ."

೭. ಬಸ್ ಸ್ಟ್ಯಾಂಡು

ಹೋದ ತಿಂಗಳು ಕಿಗ್ಗದ ಹತ್ತಿರ ಒಂದು ಗೃಹಪ್ರವೇಶದ ಊಟ ಮುಗಿಸಿಕೊಂಡು ಬರುತ್ತಿದ್ದೆವು. ಶೃಂಗೇರಿಯಲ್ಲಿ ಇಳಿದು ಕೊಪ್ಪದ ಬಸ್ಸು ಹತ್ತಿದೆವು. ಹೊರಡಲು ಇನ್ನೂ ಹೊತ್ತಿದೆ ಅಂದರು. ಇವಳು ನನ್ನನ್ನು ಸೀಟಿಗೆ ಕಾವಲಿಟ್ಟು ಎದುರಿನ ಬಳೆ ಅಂಗಡಿಗೆ ಹೋದಳು. ಅಷ್ಟರಲ್ಲಿ ಡ್ರೈವರು ಬಂದು ಕೂತ, ಇಂಜಿನ್ ಶುರುವಾಯಿತು, ಕಂಡಕ್ಟರ್ ಸೀಟಿ ಊದಿದ.

ಕಿಟಕಿಯಿಂದ ತಲೆ ಹಾಕಿ "ಏ!" ಅಂದೆ. ಬಸ್ಸಿನ ಸದ್ದಿಗೆ ಅದು ನನಗೇ ಕೇಳಿಸಲಿಲ್ಲ. "ಇಲ್ ಕೇಳು!" ಅಂದೆ. ಬಾಳೆಹಣ್ಣು ಮಾರುವವನು ಬಂದು ಕೇಳತೊಡಗಿದ. "ಮಾರಾಯ್ತೀ!" ಅಂದೆ. ಬಸ್ ಸ್ಟ್ಯಾಂಡಿನಲ್ಲಿದ್ದ ಮಾರಾಯ್ತಿಯರು ಯಾರೂ ಅದು ತಮಗೆ ಅಂದುಕೊಳ್ಳಲಿಲ್ಲ. ಇವಳು ಬೆನ್ನು ಹಾಕಿ ನಿಂತು ಬಳೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಬಸ್ಸು ಒಂದು ಮಾರು ಮುಂದೆ ಹೋಯಿತು.

ಕೊರಿಯಾದಲ್ಲಿ ಬಸ್ ಸ್ಟಾಪ್ ಇರುವುದೇ ಇಂಥದ್ದಕ್ಕೆ. ಅವನು ಹೆಸರು ಹಿಡಿದು ಕರೆಯುತ್ತಾನೆ, ಅವಳು ನಿಧಾನಕ್ಕೆ ತಿರುಗುತ್ತಾಳೆ, ಕೂದಲು ಹಾರುತ್ತದೆ, ಹಿಂದಿನಿಂದ ಪಿಯಾನೋ ಬರುತ್ತದೆ. ಇಲ್ಲಿ ಹಿಂದಿನಿಂದ ಡೀಸೆಲ್ ಹೊಗೆ ಬರುತ್ತಿತ್ತು. ಕಣ್ಣು ಮುಚ್ಚಿಕೊಂಡು, ಇಪ್ಪತ್ತೆಂಟು ವರ್ಷದ ಉಸಿರು ಎಳೆದುಕೊಂಡು ಕೂಗಿದೆ:

"ಶಾರದಾ!"

ಶೃಂಗೇರಿಯಲ್ಲಿ ನಿಂತು ಕೂಗುವ ಹೆಸರಾ ಅದು? ಮುಂದಿನ ಸೀಟಿನ ಅಜ್ಜ ಕೈ ಮುಗಿದು "ತಾಯೀ, ಕಾಪಾಡಮ್ಮಾ" ಅಂದರು. ಹೂ ಕಟ್ಟುತ್ತಿದ್ದವಳು "ಎಂತಣ್ಣಾ?" ಅಂದಳು. ಕೆಳಗೆ ನಿಂತಿದ್ದವರಲ್ಲಿ ಇಬ್ಬರು ತಿರುಗಿದರು, ಬಸ್ಸಿನೊಳಗಿಂದ ಒಬ್ಬರು "ನಾನು ಇಲ್ಲೇ ಇದೀನಲ್ಲ" ಅಂದರು. ತಿರುಗದೆ ಇದ್ದವಳು ನನ್ನ ಹೆಂಡತಿ ಒಬ್ಬಳೇ.

"ಶಾರದಾ!" ಅಂತ ಎರಡನೇ ಸಲ ಕೂಗಿದೆ. ಅಜ್ಜ ಮತ್ತೆ ಕೈ ಮುಗಿದರು.

"ಯಾವ ಶಾರದನ್ನ ಕರೀತಿದೀರಿ ಮಾರಾಯ್ರೆ? ಇಲ್ಲಿರೋರೆಲ್ಲ ಅವರೇ" ಅಂತ ಕಂಡಕ್ಟರ್ ಬಸ್ಸು ನಿಲ್ಲಿಸಿ ರೇಗಿದ.

ನನಗೂ ರೇಗಿತು. "ನನ್ನ ಹೆಂಡ್ತಿ ಶಾರದಾ!" ಅಂತ ಬಸ್ ಸ್ಟ್ಯಾಂಡ್ ನಡುಗುವ ಹಾಗೆ ಕೂಗಿದೆ.

ಆಗ ತಿರುಗಿದಳು. ಬಳೆ ಪೊಟ್ಟಣ ಹಿಡಿದುಕೊಂಡು ಆರಾಮಾಗಿ ನಡೆದು ಬಂದು ಬಸ್ಸು ಹತ್ತಿದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ನನ್ನ ಮುಖ ಬಿಸಿಯಾಗಿತ್ತು.

"ಕಿವಿ ಕೇಳ್ಸಲ್ವಾ ನಿನಗೆ? ಮೂರು ಸಲ ಕೂಗಿದೆ!"

"ಮೊದಲ್ನೇ ಸಲಕ್ಕೇ ಕೇಳಿಸ್ತು" ಅಂತ ಸೆರಗು ಸರಿಮಾಡಿಕೊಂಡು ಕೂತಳು.

"ಮತ್ತೆ ತಿರುಗ್ಲಿಲ್ಲ ಯಾಕೆ?"

"ತಿರುಗಿದ್ರೆ ಕೂಗೋದನ್ನ ಅಲ್ಲಿಗೇ ನಿಲ್ಲಿಸಿಬಿಡ್ತಿದ್ರಲ್ಲ!"