ಕರಿ ಕಾಯಿಗೆ ಕೊಟ್ಟ ಕಾಟ

ನಮ್ಮ ಮನೆಯಲ್ಲಿ ತರಕಾರಿಯನ್ನು ಎರಡು ಸಲ ತೂಗುತ್ತಾರೆ. ಅಂಗಡಿಯವನು ಒಮ್ಮೆ ತೂಗಿರುತ್ತಾನಲ್ಲ, ಅದು ಲೆಕ್ಕಕ್ಕಿಲ್ಲ. ನನ್ನ ಯಜಮಾನರು ತೂಕ-ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್. ಚೀಲ ಮನೆಗೆ ಬಂದ ಕೂಡಲೇ ಅಟ್ಟದಿಂದ ಹಿತ್ತಾಳೆಯ ತಕ್ಕಡಿ ಇಳಿಯುತ್ತದೆ. ಬದನೆಕಾಯಿ ಎಡತಟ್ಟೆಯಲ್ಲಿ ಕೂರುತ್ತದೆ, ತೂಕದ ಬಟ್ಟು ಬಲತಟ್ಟೆಯಲ್ಲಿ. ಆಮೇಲೆ ಬದನೆಕಾಯಿ ಬಲಕ್ಕೆ, ಬಟ್ಟು ಎಡಕ್ಕೆ. "ತಟ್ಟೆ ಬದಲಿಸಿ ತೂಗಿದ್ರೆ ಕಳ್ಳ ತಕ್ಕಡೀನೂ ಬಾಯಿ ಬಿಡುತ್ತೆ" ಎನ್ನುವುದು ಅವರ ವೇದವಾಕ್ಯ. ಮದುವೆಯಾದ ನಾಲ್ಕು ವರ್ಷಗಳಲ್ಲಿ ಈ ಮಾತನ್ನು ನಾನು ಸಾವಿರ ಸಲ ಕೇಳಿದ್ದೇನೆ. ಕೇಳಿಸಿಕೊಂಡದ್ದು ಮಾತ್ರ ಒಂದು ಸಲವೂ ಇಲ್ಲ ಎಂದು ಈಗ ಗೊತ್ತಾಗುತ್ತಿದೆ.

ಇಷ್ಟೇ ಆಗಿದ್ದರೆ ಹೇಗೋ ಬಾಳುವೆ ಸಾಗುತ್ತಿತ್ತು. ಆದರೆ ಇವರಿಗೆ ಒಂದು ಹವ್ಯಾಸವಿದೆ. ಚದುರಂಗ. ಹಾಗೆಂದು ಇವರು ಆಡುತ್ತಾರೆ ಎಂದುಕೊಳ್ಳಬೇಡಿ. ಆಡಿದರೆ ನನ್ನ ಅತ್ತೆಯ ಕೈಯಲ್ಲೂ ಸೋಲುತ್ತಾರೆ. ಚದುರಂಗ ಆಡುವ ಕಂಪ್ಯೂಟರ್ ಎಂಜಿನ್‌ಗಳ ಬಲವನ್ನು ತೂಗುವುದು ಇವರ ಕಸುಬು. ಎಲ್ಲೋ ಒಬ್ಬ ಗಣಿತದ ಮೇಷ್ಟ್ರು ಒಂದು ಎಂಜಿನ್ ಬರೆದಿದ್ದಾರೆ. ಅವರು ಅದನ್ನು ಸ್ವಲ್ಪ ತಿದ್ದಿದಾಗಲೆಲ್ಲ ಹಳೆಯದನ್ನೂ ಹೊಸದನ್ನೂ ಇವರಿಗೆ ಕಳಿಸುತ್ತಾರೆ. ಇವರು ಎರಡನ್ನೂ ನಮ್ಮ ನಡುಮನೆಯ ಮೂಲೆಯ ಕಂಪ್ಯೂಟರಿನಲ್ಲಿ ಕಾದಾಟಕ್ಕೆ ಬಿಡುತ್ತಾರೆ. ಒಂದೊಂದು ನಡೆಗೆ ಹತ್ತು ಸೆಕೆಂಡು, ಒಂದೊಂದು ಆಟಕ್ಕೆ ಇಪ್ಪತ್ತು ನಿಮಿಷ, ಹಗಲೂ ರಾತ್ರಿ. ಯಾವುದೋ ಒಂದು ನಿಸ್ಸಂಶಯವಾಗಿ ಮೇಲು ಎಂದು ಸಾಬೀತಾದಾಗ ಪರೀಕ್ಷೆ ತಾನಾಗಿಯೇ ನಿಲ್ಲುತ್ತದೆ. ಎರಡೂ ಸಮವಾಗಿದ್ದರೆ? ನಡೆಯುತ್ತಲೇ ಇರುತ್ತದೆ, ಸಂಸಾರದ ಹಾಗೆ.

ನನಗೆ ಸಮುದ್ರ ನೋಡಬೇಕಿತ್ತು. ಹುಟ್ಟಿದಾಗಿನಿಂದ ನಾನು ಕಂಡ ಅತಿ ದೊಡ್ಡ ನೀರೆಂದರೆ ನಮ್ಮ ಕಾಲೇಜಿನ ಹಿಂದಿನ ಕೆರೆ. ಅದರ ಆಚೆ ದಡದಲ್ಲಿ ಬಟ್ಟೆ ಒಗೆಯುವವರ ಮಾತು ಈಚೆಗೆ ಕೇಳಿಸುತ್ತದೆ. ಆಚೆ ದಡವೇ ಇಲ್ಲದ ನೀರಿನ ಮುಂದೆ ಸುಮ್ಮನೆ ಒಂದು ಸಂಜೆ ನಿಲ್ಲಬೇಕು, ಅಷ್ಟೇ. ಎರಡು ಸಲ ಬಸ್ಸಿನ ಟಿಕೆಟ್ ತೆಗೆಸಿದ್ದೆವು. ಎರಡೂ ಸಲ ಪರೀಕ್ಷೆ ಮುಗಿಯಲಿಲ್ಲ. ಈಗ ಮೂರನೆಯ ಟಿಕೆಟ್, ಶುಕ್ರವಾರ ಬೆಳಿಗ್ಗೆಯದು.

"ರೀ, ಅದರ ಪಾಡಿಗೆ ಅದು ಆಡ್ಕೊಂಡಿರ್ಲಿ, ನಾವು ಹೋಗಿ ಬರೋಣ" ಎಂದೆ ಸೋಮವಾರ.

"ಕರೆಂಟ್ ಹೋದ್ರೆ ಮತ್ತೆ ಶುರು ಮಾಡೋರು ಯಾರು? ಅಮ್ಮನಾ?"

"ಹಾಗಾದ್ರೆ ಯಾವಾಗ ಮುಗಿಯುತ್ತೆ?"

"ಸಾವಿರದೈನೂರು ಆಟ ಆಗಿದೆ. ಹೊಸದು ಒಂದು ಮೂವತ್ತು ಆಟ ಮುಂದೆ ಬಂದ್ರೆ ಇವತ್ತೇ ನಿಲ್ಲುತ್ತೆ. ಆದ್ರೆ ಎಲ್ಲಾ ಡ್ರಾ ಆಗ್ತಿದೆ, ನಾನೇನು ಮಾಡ್ಲಿ?"

"ಅಂಕ ಎಷ್ಟಾಗಿದೆ ಈಗ?"

"ಇನ್ನು ಗುರುವಾರ ಸಂಜೇನೇ ನೋಡ್ತೀನಿ. ಮುಳ್ಳು ಆಡ್ತಿರೋವಾಗ ತಕ್ಕಡಿ ನೋಡಬಾರದು."

ಅವರು ಏನು ಮಾಡಲಿ ಎಂದು ಕೇಳಿದ್ದರಲ್ಲ, ನಾನು ಏನು ಮಾಡಬಹುದು ಎಂಬುದು ಮಂಗಳವಾರ ಹೊಳೆಯಿತು. ಅವರು ಆಫೀಸಿಗೆ ಹೋಗಿದ್ದರು. ನನ್ನ ಕಾಲೇಜಿಗೆ ವಾರವಿಡೀ ರಜೆ. ನಮ್ಮದು ಹಳೆಯ ಕಂಪ್ಯೂಟರ್. ಒಂದು ವಿಡಿಯೊ ಹಾಕಿದರೆ ಬೆಟ್ಟ ಹತ್ತಿದವರ ಹಾಗೆ ಏದುಸಿರು ಬಿಡುತ್ತದೆ. (ಅದಕ್ಕೇ ಪರೀಕ್ಷೆ ನಡೆಯುವಾಗ ಅದನ್ನು ಮುಟ್ಟುವುದು ಮಹಾಪರಾಧ.) ಹಳೆಯ ಎಂಜಿನ್ ಯೋಚಿಸುವ ಹತ್ತು ಸೆಕೆಂಡು ಮಾತ್ರ ವಿಡಿಯೊ ಓಡಿಸಿ, ಹೊಸದು ಯೋಚಿಸುವಾಗ ನಿಲ್ಲಿಸಿದರೆ? ಹಳೆಯದರ ತಲೆ ಅರ್ಧಕ್ಕರ್ಧ ಓಡುವುದಿಲ್ಲ. ಸೋಲುತ್ತದೆ. ಪರೀಕ್ಷೆ ನಿಲ್ಲುತ್ತದೆ. ಸಮುದ್ರ!

ಪರದೆಯಲ್ಲಿ ಹೆಸರು ನೋಡಿದೆ. ಕರಿ ಹಳೆಯದು, ಬಿಳಿ ಹೊಸದು. ನಾದಿನಿಯ ಮದುವೆಯ ವಿಡಿಯೊ ತೆರೆದೆ. ಹೆಸರು, ಅಂಕ ಎಲ್ಲ ಅದರಡಿ ಮುಚ್ಚಿಹೋದವು. ಚದುರಂಗದ ಮಣೆ ಮಾತ್ರ ಕಾಣುತ್ತಿತ್ತು. ಕರಿಯ ಸರದಿ ಬಂದಾಗ ಸ್ಪೇಸ್ ಒತ್ತಿದರೆ ಮದುವೆ ನಡೆಯುತ್ತದೆ, ಬಿಳಿಯ ಸರದಿಗೆ ಇನ್ನೊಮ್ಮೆ ಒತ್ತಿದರೆ ಮದುವೆ ನಿಲ್ಲುತ್ತದೆ.

ಹಿಂದಿನಿಂದ ಅತ್ತೆಯ ದನಿ ಬಂತು. "ಅದೇನೇ ಅದು, ನನ್ನ ಮಗಳ ಮದುವೇನ ಬಿಕ್ಕಳಿಕೆ ಬಂದಂಗೆ ನೋಡ್ತಿದ್ದೀಯ?"

ಎಲ್ಲ ಹೇಳಿಬಿಟ್ಟೆ. ಬೈಯುತ್ತಾರೆಂದುಕೊಂಡಿದ್ದೆ. ಅತ್ತೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು.

"ಸರಿಯಾಗಿ ಹಿಂಡು ಆ ಕರಿಯನ್ನ. ಮೂರು ದಿನ ನೀವಿಬ್ರೂ ಇಲ್ದಿದ್ರೆ ನಾನು ಟಿ.ವಿ. ಜೋರಾಗಿ ಹಾಕ್ಕೊಂಡು ನೋಡ್ಬೋದು."

ಹಾಗೆ ಶುರುವಾಯಿತು ನಮ್ಮ ಕುರುಕ್ಷೇತ್ರ. "ಕರಿ ಯೋಚ್ನೆ ಮಾಡ್ತಿದೆ, ಒತ್ತು!" ಎಂದು ಅತ್ತೆ, ಒತ್ತುತ್ತಾ ನಾನು. ಕರಿ ಸೋತಾಗಲೆಲ್ಲ ಅತ್ತೆ ಹೊಲಿಗೆ ಡಬ್ಬಿಯಿಂದ ಒಂದು ಗುಂಡಿ ತೆಗೆದು ಮೇಜಿನ ಮೇಲಿಡುತ್ತಿದ್ದರು. ನಾವು ಊಟಕ್ಕೆ ಎದ್ದಾಗ ಮಾತ್ರ ಕರಿ ಉಸಿರಾಡಿ ಡ್ರಾ ಮಾಡಿಕೊಳ್ಳುತ್ತಿತ್ತು. ಬುಧವಾರದ ಹೊತ್ತಿಗೆ ನನ್ನ ಹೆಬ್ಬೆರಳು ಊದಿತ್ತು, ನಾದಿನಿ ಮದುವೆಯ ಮಂಟಪಕ್ಕೆ ಎಂಟು ಸಲ ಬಂದಿದ್ದಳು. ಆ ಕರಿ ರಾಜ ಮೂಲೆಯಲ್ಲಿ ಒಬ್ಬನೇ ನಿಂತು ಸಾಯುವುದನ್ನು ನೋಡಿ ಒಮ್ಮೊಮ್ಮೆ ಪಾಪ ಅನ್ನಿಸುತ್ತಿತ್ತು. ಕಣ್ಣು ಮುಚ್ಚಿ ಅಲೆಗಳನ್ನು ನೆನೆದು ಮತ್ತೆ ಒತ್ತುತ್ತಿದ್ದೆ.

"ಅಂಕ ಎಷ್ಟಾಯ್ತು, ಸ್ವಲ್ಪ ಆ ಮದುವೆ ಸರಿಸಿ ನೋಡೇ" ಎಂದರು ಅತ್ತೆ.

"ಬೇಡ ಅತ್ತೆ. ಅವರೇ ನೋಡಿಲ್ಲ, ನಾವು ನೋಡೋದು ಸರಿಯಲ್ಲ." (ಮೋಸ ಮಾಡುವವರಿಗೂ ಒಂದು ಮರ್ಯಾದೆ ಬೇಡವೇ?)

ಗುರುವಾರ ಸಂಜೆ ಅರವತ್ತೆರಡು ಗುಂಡಿಗಳಾಗಿದ್ದವು. ಅವನ್ನು ಡಬ್ಬಿಗೆ ಸುರಿದು, ಮದುವೆಯನ್ನು ಮುಚ್ಚಿ, ಬಟ್ಟೆ ಮಡಿಚಿ ಚೀಲಕ್ಕೆ ತುಂಬುತ್ತಾ ಕೂತೆ. ಪರೀಕ್ಷೆ ಇನ್ನೂ ನಿಂತಿಲ್ಲವಲ್ಲ ಎಂಬ ಸಣ್ಣ ಅನುಮಾನ ಬಂತು. ಯಜಮಾನರು ಬಂದರು, ಕೈಕಾಲು ತೊಳೆದರು, ಪರದೆಯ ಮುಂದೆ ಕೂತರು. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು.

"ನಿಸ್ಸಂಶಯವಾಗಿ ಸಾಬೀತಾಯ್ತಾ?" ಎಂದೆ ಮೆಲ್ಲಗೆ.

"ಅದ್ಭುತ!" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. "ಮೂರು ದಿನದಲ್ಲಿ ಹಗಲು ಹೊತ್ತು ಅರವತ್ತೆರಡು ಆಟಕ್ಕೆ ಫಲಿತಾಂಶ ಬಂದಿದೆ. ಹೊಸದು ಮೂವತ್ತೊಂದು. ಹಳೇದು ಮೂವತ್ತೊಂದು!"

ಕೈಯಲ್ಲಿದ್ದ ಟವೆಲ್ ಜಾರಿತು. "ಹೇಗ್ರೀ? ಕರಿ... ಅಂದ್ರೆ, ಹಳೇದು ಹೇಗೆ ಗೆಲ್ಲುತ್ತೆ?"

"ಅದಕ್ಕೆ ಬಿಳಿ ಕಾಯಿ ಬಂದಾಗ ಗೆದ್ದಿದೆ. ಒಂದಾಟ ಆದ್ಮೇಲೆ ಬಣ್ಣ ಅದಲುಬದಲು ಮಾಡ್ತೀನಲ್ಲ. ತಟ್ಟೆ ಬದಲಿಸದೆ ಯಾರಾದ್ರೂ ತೂಗ್ತಾರಾ?"

ಅತ್ತೆ ನನ್ನ ಮುಖ ನೋಡಿದರು. ನಾನು ಬದನೆಕಾಯಿಯ ಬುಟ್ಟಿ ನೋಡಿದೆ.

ಅಷ್ಟಕ್ಕೇ ಮುಗಿಯಲಿಲ್ಲ. ಹಗಲೆಲ್ಲ ಬಿಳಿಯೇ ಗೆಲ್ಲುತ್ತದೆ, ರಾತ್ರಿ ಎಲ್ಲ ಡ್ರಾ; ಇದು ಈ ವಾರ ಏರಿದ ಸೆಖೆಯ ಪರಿಣಾಮವೇ ಇರಬೇಕು, ಜಗತ್ತಿನಲ್ಲಿ ಯಾರೂ ಇದನ್ನು ಕಂಡಿಲ್ಲ ಎಂದು ಇವರು ಕುಣಿದಾಡಿದರು. ತೆಗೆದುಕೊಂಡಿದ್ದ ರಜೆಯಲ್ಲಿ ಮನೆಯಲ್ಲೇ ಕೂತು ಸಂಶೋಧನೆ ಮಾಡುವುದೆಂದಾಯಿತು. ಅರ್ಧ ಗಂಟೆಗೊಮ್ಮೆ ಥರ್ಮಾಮೀಟರ್ ನೋಡಿ ಬರೆದುಕೊಳ್ಳುವ ಕೆಲಸ ನನ್ನದು. ನಿಜ ಹೇಳೋಣವೆಂದು ಬಾಯಿ ತೆರೆದೆ. ಹೇಳಿದರೆ ಪರೀಕ್ಷೆ ಮೊದಲಿಂದ, ಅಂದರೆ ಇನ್ನೊಂದು ತಿಂಗಳು. ಹೇಳದಿದ್ದರೆ ಮೂರು ದಿನ ಥರ್ಮಾಮೀಟರ್. ಬಾಯಿ ಮುಚ್ಚಿದೆ.

"ಟಿಕೆಟ್ ಯಾಕೆ ಹಾಳು ಮಾಡ್ಬೇಕು" ಎಂದು ಅತ್ತೆ, ಪಕ್ಕದ ಮನೆಯ ಹೊಲಿಗೆಯಮ್ಮನನ್ನು ಕರೆದುಕೊಂಡು ಶುಕ್ರವಾರ ಬೆಳಿಗ್ಗೆ ಬಸ್ಸು ಹತ್ತಿದರು. ನಾನು ಮಡಿಚಿಟ್ಟ ಟವೆಲ್ಲನ್ನೂ ಒಯ್ದರು.

ಶುಕ್ರವಾರ ಹಗಲು ಎಲ್ಲ ಡ್ರಾ. ಶನಿವಾರವೂ ಡ್ರಾ. ಸೆಖೆ ಮಾತ್ರ ಅಷ್ಟೇ ಇತ್ತು. ಯಜಮಾನರು ತಲೆ ಕೆರೆದುಕೊಳ್ಳುತ್ತಿದ್ದಾಗ ನನ್ನ ಫೋನು ಬಡಿದುಕೊಂಡಿತು. ಕೈಯಲ್ಲಿ ಥರ್ಮಾಮೀಟರ್ ಇದ್ದುದರಿಂದ ಫೋನನ್ನು ಮೇಜಿನ ಮೇಲೇ ಇಟ್ಟು ಸ್ಪೀಕರ್ ಒತ್ತಿದೆ. ಕೋಣೆಯ ತುಂಬ ಅಲೆಗಳ ಸದ್ದು ತುಂಬಿತು. ನಾನು ಉಸಿರು ಬಿಗಿಹಿಡಿದು ಕೇಳಿದೆ. ಅದರ ನಡುವಿನಿಂದ ಅತ್ತೆಯ ದನಿ, ಗಾಳಿಯನ್ನು ಮೀರಿಸುವಂತೆ:

"ಏನೇ! ನೀನು ಮದುವೆ ಓಡಿಸೋದು ಬಿಟ್ಮೇಲೆ ಆ ಕರಿ ಚೇತರಿಸ್ಕೊಂಡ್ತಾ? ಹೆಬ್ಬೆರಳು ಹೇಗಿದೆ?"

ಯಜಮಾನರು ನಿಧಾನವಾಗಿ ನನ್ನತ್ತ ತಿರುಗಿದರು. ಬಟ್ಟಿನ ತಳ ಕೊರೆದ ವ್ಯಾಪಾರಿಯನ್ನು ಅವರು ಹೇಗೆ ನೋಡುತ್ತಾರೆಂದು ಅಂದು ತಿಳಿಯಿತು. ಬೈಯಲಿಲ್ಲ. ಆಫೀಸಿನ ಚೀಲದಿಂದ ತಕ್ಕಡಿಗೆ ಮುದ್ರೆ ಹಾಕುವ ತಂತಿ, ಸೀಸದ ಗುಂಡು, ಇಕ್ಕಳ ತೆಗೆದರು. ಕೀಬೋರ್ಡನ್ನು ಮೇಜಿನ ಡ್ರಾಯರಿಗೆ ತಳ್ಳಿ, ತಂತಿ ಬಿಗಿದು, ಸರ್ಕಾರಿ ಮುದ್ರೆ ಒತ್ತಿದರು.

"ಎಡತಟ್ಟೆಗೆ ಅಯಸ್ಕಾಂತ ಅಂಟಿಸೋರನ್ನ ನೋಡಿದ್ದೀನಿ" ಎಂದರು. "ನಾನು ತಟ್ಟೆ ಬದಲಿಸ್ತೀನಿ ಅಂತ ಗೊತ್ತಿದ್ದೂ ಅಂಟಿಸಿದವಳು ನೀನೊಬ್ಬಳೇ."

ಆಮೇಲೆ ಮೌಸ್ ಹಿಡಿದು ಅಂಕವನ್ನೆಲ್ಲ ಅಳಿಸಿದರು. ಸೊನ್ನೆ, ಸೊನ್ನೆ. ಮೊದಲ ಆಟ ಶುರುವಾಯಿತು. ಈ ಸಲ ಹೆಸರನ್ನು ಗಮನವಿಟ್ಟು ಓದಿದೆ: ಕರಿ, ಹಳೆಯದು. ಫೋನಿನಲ್ಲಿ ಅಲೆಗಳು ಇನ್ನೂ ಬಂದು ಬಂದು ಹೋಗುತ್ತಿದ್ದವು. ಅತ್ತೆ ಇಡುವುದನ್ನು ಮರೆತಿದ್ದರು. ಇಪ್ಪತ್ತು ನಿಮಿಷ ಅದನ್ನೇ ಕೇಳುತ್ತಾ ಕೂತೆ.

ಆಟ ಡ್ರಾ ಆಯಿತು. ಎರಡನೆಯದು ಶುರುವಾಯಿತು. ಹಳೆಯದು ಈಗ ಬಿಳಿ.