ಎದೆಯೊಳಗಿನ ಸೀಟಿ

ಬಸ್ಸು ಓಡಿಸುವವನು ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಟಿಕೆಟ್ ತೆಗೆಸಿ ಅವೇ ಹತ್ತಿ ಕೂರುತ್ತವೆ. ಗೋಕಾಕದಿಂದ ಮೂಡಲಗಿ, ತಿರುಗಿ ಗೋಕಾಕ, ಅಲ್ಲಿಂದ ಘಟಪ್ರಭಾ ಹಾಯ್ದು ಹುಕ್ಕೇರಿ. ಇದು ನನ್ನ ದಾರಿ. ಆದರೆ ಈಗೀಗ ನಗು ಬಂದಾಗ ಹಿಂದಿನ ಬಾಗಿಲ ಕಡೆ ನೋಡುತ್ತೇನೆ, ನಗಲು ಜೊತೆಗಾರನಿಲ್ಲ. ತುಕ್ಕಾನಟ್ಟಿಯ ನಮ್ಮ ಕಂಡಕ್ಟರ್ ಬಹಳ ವರ್ಷ ನನ್ನ ಜೊತೆಗಿದ್ದ. ಒಂದು ಸೀಟಿ ಊದಿದರೆ ನಾನು ನಿಲ್ಲಿಸಬೇಕು, ಎರಡು ಊದಿದರೆ ಬಿಡಬೇಕು. ಎರಡನೆಯದನ್ನು ಅವನು ಸ್ವಲ್ಪ ಎಳೆದು ಊದುತ್ತಿದ್ದ. ಈಗಿನ ಕಂಡಕ್ಟರ್ ಬಾಗಿಲ ತಗಡು ಬಡಿಯುತ್ತಾನೆ. ಬಸ್ಸು ಅದಕ್ಕೂ ಹೊರಡುತ್ತದೆ, ನನಗೆ ಮಾತ್ರ ಹೊರಟಂತೆ ಅನ್ನಿಸುವುದಿಲ್ಲ.

ಕೆಂಪು ಮುಖ

ಕುಡಿತವಿರಲಿ, ಅವನು ಬೀಡಿಯ ವಾಸನೆಗೂ ಮೂಗು ಮುಚ್ಚುವವನು. ಕೊರಳಲ್ಲಿ ಇಷ್ಟಲಿಂಗ. ಪೂಜೆಯಾಗದೆ ಚಹಾ ಸಹ ಮುಟ್ಟುವವನಲ್ಲ. ಅಂಥವನಿಗೆ ಒಂದು ವಿಚಿತ್ರ ಶುರುವಾಯಿತು. ಉಂಡ ಮೇಲೆ, ಬಿಸಿ ಚಹಾ ಕುಡಿದ ಮೇಲೆ ಮುಖ, ಕುತ್ತಿಗೆ ಕೆಂಪೇರಿ ಕಾದುಬಿಡುವುದು. ಸ್ವಲ್ಪ ಹೊತ್ತಿಗೆ ತಾನೇ ಇಳಿಯುವುದು. ಆಗಾಗ ಹೊಟ್ಟೆಯೂ ಕೆಡುತ್ತಿತ್ತು.

ಹುಕ್ಕೇರಿಯ ಅಜ್ಜಿಯೊಬ್ಬಳು ಚಿಲ್ಲರೆ ಇಸಿದುಕೊಳ್ಳುತ್ತ, ಹಗಲು ಹೊತ್ತಿನಲ್ಲಾದರೂ ಕುಡಿಯುವುದು ಬಿಡು ತಮ್ಮಾ ಎಂದು ಬುದ್ಧಿ ಹೇಳಿದಳು. ಯಾರೋ ದೂರು ಕೊಟ್ಟೇಬಿಟ್ಟರು. ಮೇಲಿನ ಸಾಹೇಬರು ಬಾಯಲ್ಲಿಟ್ಟು ಊದುವ ಯಂತ್ರ ತಂದರು. ಇವನು ಊದಿದ, ದಮ್ಮು ಸಾಲದೆ ಯಂತ್ರ ಸುಮ್ಮನಿತ್ತು. ಮತ್ತೆ ಊದಿದ, ಕೆಮ್ಮು ಬಂತು. ಯಂತ್ರವೇ ಕೆಟ್ಟಿರಬೇಕೆಂದು ಸಾಹೇಬರು ತಾವೇ ಊದಿ ನೋಡಿದರು. ಅದು ಕುಂಯ್ ಎಂದು ಕೂಗಿಕೊಂಡಿತು. ಕೆಮ್ಮಿನ ಔಷಧಿ ತಗೊಂಡಿದ್ದೆ ಎಂದು ಸಾಹೇಬರು ಯಂತ್ರವನ್ನು ಪೆಟ್ಟಿಗೆಗೆ ಹಾಕಿದರು. ದೂರೂ ಅದರ ಜೊತೆಗೇ ಒಳಗೆ ಹೋಯಿತು.

ಹೊಸ ಸ್ಟಾಪು

ಆಮೇಲೆ ಅವನ ಎದೆಯೇ ಸೀಟಿ ಹೊಡೆಯತೊಡಗಿತು. ದಮ್ಮಿನ ರೋಗವೆಂದು ಬಾಯಿಗೆ ಹೊಡೆದುಕೊಳ್ಳುವ ಪಂಪು ಕೊಟ್ಟರು. ಪಂಪು ಖಾಲಿಯಾಗುತ್ತಿತ್ತು, ಸೀಟಿ ಹಾಗೇ ಇರುತ್ತಿತ್ತು.

ಮಮದಾಪುರ ದಾಟಿದ ಮೇಲೆ ಒಂದು ದಿನ ಸೀಟಿ ಕೇಳಿ ಬ್ರೇಕು ಹಾಕಿದೆ. ಇಳಿಯುವವರು ಯಾರೂ ಇಲ್ಲ. ಬಾಗಿಲಿಗೆ ಆತು ನಿಂತಿದ್ದ ಅವನು, "ನಾ ಊದಿಲ್ಲೋ ಮಾಮಾ, ಎದಿ ಊದಾಕತ್ತೈತಿ" ಎಂದ. ಬಸ್ಸೆಲ್ಲ ನಕ್ಕಿತು. ಅಷ್ಟರಲ್ಲಿ ಬಾಜೂ ಹೊಲದಿಂದ ಮೇವಿನ ಹೊರೆ ಹೊತ್ತ ಹೆಂಗಸೊಬ್ಬಳು ಓಡಿಬಂದು, ನಮ್ಮ ಹೊಲದ ಮುಂದೆ ನಿಲ್ಲಿಸಿದಿರಲ್ಲ, ಪುಣ್ಯ ಬರಲಿ ಎಂದು ಹತ್ತಿಕೊಂಡಳು. ಮರುದಿನ ಅಲ್ಲಿ ಅವಳ ಜೊತೆ ಇನ್ನೂ ನಾಲ್ಕು ಮಂದಿ ನಿಂತಿದ್ದರು. ಈಗ ಅದು ಖಾಯಂ ಸ್ಟಾಪು. ಅವನಿಲ್ಲ, ಸ್ಟಾಪು ಇದೆ.

ಆ ತಿಂಗಳಲ್ಲೇ ಅವನ ಕರವಸ್ತ್ರದಲ್ಲಿ ರಕ್ತ ಕಂಡೆ. ನಾನು ನೋಡಿದೆನೆಂದು ಅವನಿಗೆ ತಿಳಿಯಿತು. ಸಾಯುವ ಮಾತು ಎತ್ತಲಿಲ್ಲ. "ಸೀಟಿ ಊದಾಕ ಆಗದಿದ್ರ ನನ್ನ ಈ ಬಸ್ಸಿನಿಂದ ಇಳಸ್ತಾರೇನೋ ಮಾಮಾ?" ಎಂದು ಕೇಳಿದ. ನಾನು ಗೇರು ಹಾಕಿದೆ.

ಯಂತ್ರದ ಮುಂದೆ ಪೂಜೆ

ಅವನನ್ನೂ ಅವನ ಹೆಂಡತಿಯನ್ನೂ ಬೆಳಗಾವಿಗೆ ಕರೆದುಕೊಂಡು ಹೋದೆ. ಎದೆಯ ಡಾಕ್ಟರಮ್ಮ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. "ದಮ್ಮಿನ ರೋಗ ಆಗಿದ್ರ ಎರಡೂ ಬಾಜೂ ಸೀಟಿ ಬರಬೇಕ್ರಿ. ಇದು ಬಲಕ್ಕಷ್ಟ ಬರಾಕತ್ತೈತಿ. ಅಲ್ಲೇನೋ ಅಡ್ಡ ಕುಂತೈತಿ" ಎಂದರು.

ಹಳೆಯ ಎಕ್ಸ್‌ರೇಗಳನ್ನೆಲ್ಲ ಹರಡಿದೆವು. ಪ್ರತಿಯೊಂದರಲ್ಲೂ ಎದೆಯ ಮೇಲೆ ದೊಡ್ಡ ಬಿಳಿ ಮೊಟ್ಟೆಯ ಆಕಾರ, ಲಿಂಗವಿಟ್ಟ ಬೆಳ್ಳಿಯ ಕರಡಿಗೆಯದು. ನಮ್ಮ ಕಡೆ ಅದನ್ನು ತೆಗೆಯೆಂದು ಯಾರೂ ಹೇಳುವುದಿಲ್ಲ. ಫೋಟೋ ನೋಡಿದವರೆಲ್ಲ, ಅದು ಲಿಂಗ ಎಂದು ಹಣೆ ಮುಟ್ಟಿಕೊಂಡು ಮುಂದಿನದನ್ನು ನೋಡಿದ್ದರು. ಅದರ ಹಿಂದೆ ಏನಿದೆಯೆಂದು ಯಾರಿಗೂ ಹೊಳೆದಿರಲಿಲ್ಲ.

ಕರಡಿಗೆ ಬಿಚ್ಚಿಡಿ ಎಂದರೆ ಇವನು, ಜೀವ ಬಿಟ್ಟೇನು, ಮೈಯಿಂದ ಲಿಂಗ ಬಿಡೆ ಎಂದು ಕೂತ. ಡಾಕ್ಟರಮ್ಮ ತಲೆ ಮೇಲೆ ಕೈ ಹೊತ್ತರು. ಕೊನೆಗೆ ಹೆಂಡತಿ, "ಪೂಜಾದಾಗ ಅಂಗೈ ಮ್ಯಾಲ ಇಟ್ಕೋತೀರಲ್ರಿ? ಹಂಗ ಹಿಡ್ಕೊಂಡ ನಿಂದರ್ರಿ" ಎಂದಳು.

ಬರಿ ಕರಡಿಗೆಯನ್ನು ಹೆಂಡತಿಯ ಕೈಗೆ ಕೊಟ್ಟು, ಎಡ ಅಂಗೈಯಲ್ಲಿ ಲಿಂಗ ಹಿಡಿದು, ಕೈ ಪಕ್ಕಕ್ಕೆ ಚಾಚಿ ಯಂತ್ರಕ್ಕೆ ಎದೆಯೊತ್ತಿ ನಿಂತ. ಫೋಟೋ ತೆಗೆಯುವವನು ಉಸಿರು ಹಿಡಿಯಿರಿ ಎಂದ. ಅಂಗೈಗೆ ಲಿಂಗ ಬಂದದ್ದೇ ತಡ, ಇವನು ರೂಢಿಯಂತೆ ಕಣ್ಣು ಮುಚ್ಚಿ ಜಪ ಹಿಡಿದುಬಿಟ್ಟಿದ್ದ. ಪೂಜೆ ಮುಗಿಯುವ ತನಕ ಫೋಟೋದವನು ಕೈಮುಗಿದು ನಿಂತ, ಹೊರಗೆ ಸಾಲು ಬೆಳೆಯಿತು.

ಕರಡಿಗೆ ಸರಿದ ಜಾಗದಲ್ಲಿ ಒಂದು ಸಣ್ಣ ದುಂಡನೆಯ ನೆರಳಿತ್ತು.

ಕ್ಯಾನು

ಸ್ಕ್ಯಾನ್ ಆಯಿತು. ಮೂಗಿನಿಂದ ಕ್ಯಾಮೆರಾದ ನಳಿಗೆ ಇಳಿಸಿ ಶ್ವಾಸನಾಳದೊಳಗಿನ ಗಂಟಿನ ಚೂರು ತೆಗೆದರು. ಕಾರ್ಸಿನಾಯ್ಡ್ ಎಂಬ ಅಪರೂಪದ ಕ್ಯಾನ್ಸರ್ ಅಂತೆ, ಬೀಡಿ ಸೇದದವರಿಗೂ ಬರುತ್ತದಂತೆ, ಸಾವಕಾಶ ಬೆಳೆಯುತ್ತದಂತೆ. ಮುಖ ಕೆಂಪಾದದ್ದೂ ಹೊಟ್ಟೆ ಕೆಟ್ಟದ್ದೂ ಆ ಗಂಟು ಬಿಡುವ ರಸದಿಂದಲೇ ಇರಬೇಕು ಎಂದರು. ಅದನ್ನು ನೋಡಲು ಬಾಳೆಹಣ್ಣು ತಿನ್ನುವುದನ್ನು ನಿಲ್ಲಿಸಿ, ಒಂದು ಇಡೀ ದಿನದ ಮೂತ್ರ ಕ್ಯಾನಿನಲ್ಲಿ ಹಿಡಿದು ತರಲು ಹೇಳಿದರು.

ಕ್ಯಾನು ತೊಡೆಯ ಮೇಲಿಟ್ಟುಕೊಂಡು ಬೆಳಗಾವಿಯ ರೈಲು ಹಿಡಿಯಲು ನನ್ನ ಬಸ್ಸಿನಲ್ಲೇ ಘಟಪ್ರಭಾಕ್ಕೆ ಹೊರಟ. ಕೂಸಿನಂತೆ ಹಿಡಿದದ್ದು ನೋಡಿ ಬಾಜೂ ಕೂತವಳು, ಎಮ್ಮೆಯ ತುಪ್ಪವೋ ಆಕಳದ್ದೋ, ನಮಗೂ ಅರ್ಧ ಕೊಡುತ್ತೀರೇನು ಎಂದು ಬೆನ್ನು ಹತ್ತಿದಳು. ಸುಳ್ಳು ಹೇಳುವ ರೂಢಿ ಅವನಿಗಿಲ್ಲ. "ಮಾರೂದಲ್ಲ ಯವ್ವಾ, ಮನಿಯಾಗಿಂದು" ಎಂದ. ಬಿಗಿಗೈಯವನು ಎಂದು ಬೈದುಕೊಂಡು ಅವಳು ಘಟಪ್ರಭಾದಲ್ಲಿ ಇಳಿದಳು.

ಮೈಕು

ಆಪರೇಶನ್ ದಿನ ಲಿಂಗವನ್ನು ಅವನ ಅಂಗೈಗೇ ಬ್ಯಾಂಡೇಜು ಸುತ್ತಿ ಕಟ್ಟಿದ್ದರು. ಬಲ ಪುಪ್ಪುಸದ ಒಂದು ಭಾಗ ಹೋಯಿತು, ಗಂಟೂ ಹೋಯಿತು. ಜೀವಕ್ಕೆ ಭಯವಿಲ್ಲ, ಆಗಾಗ ಬಂದು ತೋರಿಸುತ್ತಿರಿ ಎಂದರು. ಆದರೆ ತುಂಬಿದ ಬಸ್ಸಿನಲ್ಲಿ ನಿಂತು ಓಡಾಡುವ ಕೆಲಸ ಇನ್ನಿಲ್ಲ. ಗೋಕಾಕ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಕೂಗುವ ಮೈಕಿನ ಮುಂದೆ ಕೂರಿಸಿದರು.

ದಿನಾ ನೋಡುತ್ತೇನೆ. ಗಾಜಿನ ಹಿಂದಿನಿಂದ ಕೈಯೆತ್ತುತ್ತಾನೆ, ಊರ ಹೆಸರು ಕೂಗುತ್ತಾನೆ. ಆದರೂ ಬಸ್ಸು ಹೊರಡುವಾಗ ಬೆನ್ನು ಬರಿದೆನಿಸುತ್ತದೆ. ಅವನ ಎರಡು ಸೀಟಿಗೆ ನನ್ನ ಜೀವ ಹಂಬಲಿಸುತ್ತದೆ. ಊದುವಷ್ಟು ದಮ್ಮು ಅವನಲ್ಲಿ ಉಳಿದಿದೆಯೋ ಇಲ್ಲವೋ, ಕೇಳುವ ಧೈರ್ಯ ನನಗಾಗಲಿಲ್ಲ.

ಒಂದು ಮುಂಜಾನೆ ಸ್ಟ್ಯಾಂಡು ತುಂಬಿತ್ತು, ಎಲ್ಲ ಬಸ್ಸುಗಳ ಎಂಜಿನ್ನು ಚಾಲೂ ಇತ್ತು. ಹುಕ್ಕೇರಿ ಬಸ್ಸು ಹೊರಡುತ್ತದೆ ಎಂದು ಮೈಕಿನಲ್ಲಿ ಕೂಗಿದವನು ಗಳಿಗೆ ತಡೆದ. ಆಮೇಲೆ ಒಂದು ಸೀಟಿ. ಹಿಂದೆಯೇ ಇನ್ನೊಂದು, ಸ್ವಲ್ಪ ಎಳೆದು.

ಮೈಕಿನಲ್ಲಿ ಊದಿದರೆ ಸೀಟಿ ಯಾರಿಗೆಂದು ಗೊತ್ತಾಗುತ್ತದೆ? ಮೂಡಲಗಿಯ ಬಸ್ಸು ಹೊರಟಿತು, ಬೆಳಗಾವಿಯದು ಹೊರಟಿತು, ಅದರ ಹಿಂದಿನದೂ ಹೊರಟಿತು. ಕಂಡಕ್ಟರುಗಳು ಚಹಾದ ಕಪ್ಪು ಹಿಡಿದುಕೊಂಡೇ ತಂತಮ್ಮ ಬಸ್ಸಿನ ಹಿಂದೆ ಓಡಿದರು. ಸ್ಟ್ಯಾಂಡೆಲ್ಲ ಖಾಲಿ. ನಿಂತದ್ದು ನನ್ನ ಹುಕ್ಕೇರಿ ಬಸ್ಸೊಂದೇ.

ನನಗೆ ಕಣ್ಣು ಮಂಜಾಗಿ ದಾರಿ ಕಾಣುತ್ತಿರಲಿಲ್ಲ. ಹಿಂದೆ ಹೊಸ ಕಂಡಕ್ಟರ್ ತಗಡು ಬಡಿಯುತ್ತಿದ್ದ.

"ಮಾಮಾ, ನಿನಗ ಊದಿದ್ದೋ, ಹೋಗೋ" ಎಂದಿತು ಮೈಕು.

ಕಿಟಕಿಯಿಂದ ತಲೆ ಹೊರಹಾಕಿ ಕೂಗಿದೆ: "ಕೇಳಿಸಲಿಲ್ಲಪಾ, ಇನ್ನೊಮ್ಮಿ ಊದು."