ನಿರಾತಂಕ ಮನುಷ್ಯನ ಎಂಜಲು

ಹೇಮಚಂದ್ರನಿಗೆ ಅಂದು ಬೇಕಾಗಿದ್ದದ್ದು ಒಬ್ಬ ನೆಮ್ಮದಿಯ ಗಂಡಸಿನ ಎಂಜಲು, ಒಂದು ಟ್ಯೂಬಿನಷ್ಟು.

ಒತ್ತಡವಾದಾಗ ಎಂಜಲಿನಲ್ಲಿ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಅಳೆಯುವುದು ಅವನ ಸಂಶೋಧನೆ. ಹೋಲಿಕೆಗೆ ಆರು ಮಂದಿ ನಿರಾತಂಕ ಗಂಡಸರು ಬೇಕಿತ್ತು. ಲಾಕ್‌ಡೌನಿನಲ್ಲಿ ಹೇಗೋ ಐದು ಮಂದಿ ಸಿಕ್ಕಿದ್ದರು. ಆರನೆಯವನಿಗೆ ಹಿಂದಿನ ದಿನ ಕೋವಿಡ್ ಬಂತು. ನಾಲ್ಕು ಗಂಟೆಯ ಕೊರಿಯರ್ ವ್ಯಾನಿಗೆ ಟ್ಯೂಬ್ ಹೋಗದಿದ್ದರೆ ಅವನ ಕಾಂಟ್ರ್ಯಾಕ್ಟ್ ಮುಂದುವರಿಯುವುದಿಲ್ಲವೆಂದು ಪ್ರೊಫೆಸರ್ ಜೂಮಿನಲ್ಲಿ ನಗುನಗುತ್ತಲೇ ತಿಳಿಸಿದ್ದರು.

ಪರದೇಶದ ಬ್ಯಾಲಿನ್‌ಕೊಲಿಗ್‌ ಊರಿನ ಆ ಮನೆಸಾಲಿನಲ್ಲಿ ನಿರಾತಂಕ ಎಂದರೆ ಪಕ್ಕದ ಮನೆಯ, ನಮ್ಮ ಕರಾವಳಿ ಕಡೆಯ ಲಾರೆನ್ಸ್. ಲಿಟಲ್ ಐಲ್ಯಾಂಡ್ ಕೈಗಾರಿಕಾ ಪ್ರದೇಶದ ಅವನ ಕಂಪನಿ ಅರ್ಧ ಜನರನ್ನು ಕೆಲಸದಿಂದ ತೆಗೆದ ದಿನವೂ ಅವನು ಕೆಸರಲ್ಲಿ ಮಲಗಿದ ಎಮ್ಮೆಯಂತೆ ಹಿತ್ತಲಲ್ಲಿ ಬಿಸಿಲು ಕಾಯಿಸಿಕೊಂಡಿದ್ದ.

ಒಬ್ಬರ ಮನೆಯೊಳಗೆ ಇನ್ನೊಬ್ಬರು ಹೋಗುವಂತಿರಲಿಲ್ಲ. ಹನ್ನೊಂದಕ್ಕೆ ಹೇಮಚಂದ್ರ ಹಿತ್ತಲ ಗೋಡೆಯ ಮೇಲೆ ಟ್ಯೂಬ್ ಇಟ್ಟ.

"ಒಂದು ಗಂಟೆ ಏನೂ ತಿನ್ಬಾರ್ದು, ಕುಡೀಬಾರ್ದು. ಆಮೇಲೆ ಇದ್ರಲ್ಲಿ ಉಗುಳಿ, ಅಷ್ಟೇ."

"ಗ್ರ್ಯಾಂಡ್," ಎಂದ ಲಾರೆನ್ಸ್, ಅಲ್ಲಿಯವರು ಆಗಲಿ ಎನ್ನುವ ಹಾಗೆ. "ಅದೆಂಥ ದೊಡ್ಡ ಕೆಲ್ಸ ಮಾರಾಯ್ರೆ."

ಆದರೆ ಸಹಾಯ ಕೇಳಲು ಬರಿಗೈಯಲ್ಲಿ ಹೋದ ಗಂಡನನ್ನು ಕಂಡು ರತ್ನಾಗೆ ನಾಚಿಕೆಯಾಗಿ, ಬಿಸಿ ನೀರುದೋಸೆಯ ತಟ್ಟೆ ಗೋಡೆ ದಾಟಿತು. ದೋಸೆಯನ್ನು ಆರಲು ಬಿಡುವುದು ಲಾರೆನ್ಸಿನಿಂದಾಗಲಿಲ್ಲ. ಒಂದು ಗಂಟೆಯ ಎಣಿಕೆ ಮತ್ತೆ ಮೊದಲಿನಿಂದ.

ತಟ್ಟೆಯನ್ನು ಖಾಲಿ ಮರಳಿಸುವುದುಂಟೇ? ಲಾರೆನ್ಸಿನ ಹೆಂಡತಿ ಕ್ಯಾಥರಿನ್ ಇಡ್ಲಿಯಂಥ ಸಣ್ಣಗಳನ್ನು ಬೇಯಿಸಿ ಅದರಲ್ಲಿ ಕಳಿಸಿದಳು. ಬೆಂದಿದೆಯೇ ಎಂದು ತಿಂದು ನೋಡಿದವನು ಲಾರೆನ್ಸ್. ಆ ತಟ್ಟೆಗೆ ರತ್ನಾ ಕೋಡುಬಳೆ ತುಂಬಿ ಕಳಿಸಿದಳು. ಸಾಕು ಎಂದು ಹೇಮಚಂದ್ರ ಕೈಮುಗಿದ. "ನಿಮ್ಮ ಸಂಶೋಧನೆಗೋಸ್ಕರ ನಾನು ಮರ್ಯಾದೆ ಬಿಡಕ್ಕಾಗಲ್ಲ," ಎಂದಳು ರತ್ನಾ.

ಎರಡೂವರೆಗೆ ಅವನು ತಟ್ಟೆಯನ್ನು ಕಿತ್ತುಕೊಂಡು ಕಾರಿನ ಡಿಕ್ಕಿಯಲ್ಲಿ ಬೀಗ ಹಾಕಿಟ್ಟ. ಲಾರೆನ್ಸಿಗೆ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳಲು ಹೇಳಿ, ತಾನು ಅತ್ತ ತಲೆ ಹಾಕುವುದಿಲ್ಲವೆಂದು ಮಾತು ಕೊಟ್ಟ.

ಮೂರೂಮುಕ್ಕಾಲಿಗೆ ಗೋಡೆಯ ಮೇಲೆ ಗೆರೆಯವರೆಗೂ ತುಂಬಿದ ಟ್ಯೂಬ್ ನಿಂತಿತ್ತು. ವ್ಯಾನ್ ಬಂತು, ಹೋಯಿತು. ಹೇಮಚಂದ್ರ ಒಂದು ವಾರದ ಉಸಿರನ್ನು ಒಟ್ಟಿಗೇ ಬಿಟ್ಟ.

ಲಾರೆನ್ಸ್ ಗೋಡೆಗೊರಗಿ ನಿಂತಿದ್ದ. "ಕ್ಯಾಥರಿನ್‌ಗೆ ಥ್ಯಾಂಕ್ಸ್ ಹೇಳಿ."

"ಅವರಿಗ್ಯಾಕೆ?"

"ಮನೆಲಿ ಇನ್ನೂ ನಾಲ್ಕು ಸಣ್ಣ ಇತ್ತು, ತಿನ್ನದೆ ಇರಕ್ಕೆ ನನ್ನಿಂದ ಆಗ್ಲಿಲ್ಲ. ಅವಳಿಗೆ ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಉಪವಾಸ, ಬೆಳಗ್ಗಿಂದ ಏನೂ ತಿಂದಿಲ್ಲ. ಉಗುಳು ಯಾರದ್ದಾದ್ರೆ ಏನು?"

ಮುಚ್ಚಿಡಬಹುದಿತ್ತು, ಹೇಮಚಂದ್ರನಿಂದ ಆಗಲಿಲ್ಲ. ಪ್ರೊಫೆಸರಿಗೆ ಫೋನು ಮಾಡಿ ಎಲ್ಲವನ್ನೂ ಒಪ್ಪಿಕೊಂಡ. ಅತ್ತಲಿಂದ ಅಪ್ಪಣೆಯಾಯಿತು: ನಾಳೆ ಹತ್ತಕ್ಕೆ ಕೊನೆಯ ಅವಕಾಶ, ಅದೇ ಮನುಷ್ಯ, ಹೇಮಚಂದ್ರನ ಕಣ್ಣೆದುರಿಗೇ.

ಹೋದ ಜೀವ ಬಂದಂತಾಗಿ ಅವನು ಗೋಡೆಗೆ ಓಡಿದ. "ನಾಳೆ ಒಂದು ಗಂಟೆ ನಾನು ಇಲ್ಲೇ ಕೂತು ನಿಮ್ಮನ್ನೇ ನೋಡ್ತಾ ಇರ್ತೀನಿ."

"ಒಂದು ಗಂಟೆ ಪೂರ್ತಿಯಾ? ನೋಡ್ತಾನೇ ಇರ್ತೀರಾ?"

ಲಾರೆನ್ಸಿನ ಹಣೆಯಲ್ಲಿ ಬೆವರು ಮೂಡಿತು. ಹೇಮಚಂದ್ರ ಹತ್ತು ವರ್ಷ ಓದಿದ ಒತ್ತಡದ ಲಕ್ಷಣಗಳೆಲ್ಲ ಆ ದುಂಡು ಮುಖದ ಮೇಲೆ ಒಂದೊಂದಾಗಿ ಬಂದು ನಿಂತವು.

"ಹೇಮಣ್ಣ," ಎಂದ ಲಾರೆನ್ಸ್, ತುಟಿ ಸವರಿಕೊಳ್ಳುತ್ತ, "ನನಗೆ ಈಗ್ಲೇ ಬಾಯೆಲ್ಲ ಒಣಗ್ತಾ ಉಂಟು. ಉಗುಳಕ್ಕೆ ಒಂದು ಹನೀನೂ ಇಲ್ಲ."